ಹೆಂಚಿನ ಮೇಲೆ ಮಳೆ, ಸ್ಟೂಲಿನ ಮೇಲೆ ಸ್ಪೀಕರು

2025ರಲ್ಲಿ ಆಗಸ್ಟ್ 15 ಶುಕ್ರವಾರ ಬಂದದ್ದರಿಂದ ಮೂರು ದಿನಗಳ ರಜೆ ಒಟ್ಟಿಗೆ ಸಿಕ್ಕಿತು. ಇಂಥ ರಜೆಗಳಲ್ಲಿ ರಾಜಾಸೀಟು, ಅಬ್ಬಿ ಜಲಪಾತಗಳ ದಾರಿಯಲ್ಲಿ ಹೊರಗಿನ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆಯಾದ್ದರಿಂದ, ಕೊಡಗಿನಲ್ಲೇ ಇರುವ ನಮ್ಮಂಥವರಿಗೆ ಮನೆಯಲ್ಲಿ ಕುಳಿತಿರುವುದೇ ಜಾಣತನ. ಮಳೆ ಬಿಡದೆ ಹಿಡಿದಿದ್ದರಿಂದ ತೋಟದ ಕೆಲಸವೂ ನಿಂತಿತ್ತು. ಸೋಮವಾರಪೇಟೆಯ ಸಮೀಪದ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಅಪ್ಪ, ಅಮ್ಮ, ನಾನು ಸಂಗೀತ ಕೇಳುತ್ತ ಕಳೆಯಬೇಕೆಂದುಕೊಂಡ ಆ ಮೂರು ದಿನಗಳಿಗಾಗಿಯೇ 20 ವಾಟಿನ ಬ್ಲೂಟೂತ್ ಸ್ಪೀಕರೊಂದನ್ನು 4,500 ರೂಪಾಯಿ ಕೊಟ್ಟು ತಂದಿದ್ದೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಬೆಲೆಯ, ಇದೇ ಗಾತ್ರದ ಯಾವ ಸ್ಪೀಕರಿಗೂ ಮುಂದಿನ ಮಾತುಗಳು ಬಹುಪಾಲು ಹೊಂದುತ್ತವೆ.

ಅಂಗಡಿಯಲ್ಲಿ ಕೇಳಿದಾಗ ಅದರ ದನಿ ಧಾರಾಳವಾಗಿಯೇ ಇತ್ತು. ಆದರೆ ಅಂಗಡಿಯಲ್ಲಿ ಮಳೆ ಇರಲಿಲ್ಲ. ಮಂಗಳೂರು ಹೆಂಚಿನ ಮೇಲೆ ಆಗಸ್ಟಿನ ಮಳೆ ಬೀಳುವಾಗ ಏಳುವ ಸದ್ದಿನಲ್ಲಿ ಕೀಚಲು ಸ್ವರದಿಂದ ಮಂದ್ರದವರೆಗೆ ಎಲ್ಲವೂ ಬೆರೆತಿರುತ್ತದೆ. ಸಂಗೀತದ ಮೆಲುದನಿಗಳನ್ನೆಲ್ಲ ಅದು ನುಂಗಿಬಿಡುತ್ತದೆ. ಶುಕ್ರವಾರ ಮಧ್ಯಾಹ್ನ ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಹಚ್ಚಿದೆವು. ತಂತಿಯನ್ನು ಮೀಟಿದ್ದು ಕೇಳಿಸುತ್ತಿತ್ತು, ಮೀಟಿದ ಮೇಲೆ ಎಳೆ ಎಳೆಯಾಗಿ ಕರಗುವ ನಾದ ಮಾತ್ರ ಮಳೆಯ ಪಾಲಾಗುತ್ತಿತ್ತು. ವೀಣೆಯ ಸೊಗಸೆಲ್ಲ ಇರುವುದು ಆ ಎರಡನೆಯದರಲ್ಲಿ. ಅನಂತರ ಗಂಗೂಬಾಯಿ ಹಾನಗಲ್ ಅವರ ಗಾಯನ ಹಾಕಿದಾಗ ಮಳೆ ಅಷ್ಟೇ ಇದ್ದರೂ ಆ ದನಿ ಅದನ್ನು ಸೀಳಿಕೊಂಡು ಅಡುಗೆಮನೆಯವರೆಗೂ ಹೋಯಿತು. ಈ ಸ್ಪೀಕರು ಮನುಷ್ಯರ ದನಿಗೆಂದೇ ಹುಟ್ಟಿದ್ದು ಎನ್ನಿಸಿತು. ಮೈಸೂರು ಅನಂತಸ್ವಾಮಿಯವರ ಭಾವಗೀತೆಗಳಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು.

ಕೊರತೆ ಕಂಡದ್ದು ಮೃದಂಗದಲ್ಲಿ. ಮಳೆ ಜೋರಾದಂತೆ ನಾನು ಸದ್ದು ಏರಿಸುತ್ತ ಹೋದೆ. ತನಿ ಆವರ್ತನ, ಅಂದರೆ ಕಚೇರಿಯಲ್ಲಿ ತಾಳವಾದ್ಯವೊಂದೇ ನುಡಿಯುವ ಭಾಗ, ಶುರುವಾಗುತ್ತಲೇ ಅಪ್ಪ ತಲೆಯೆತ್ತಿ, "ಮೃದಂಗದವನು ಇವತ್ತು ಎಡಗೈ ಮನೇಲೇ ಬಿಟ್ಟು ಬಂದಿದ್ದಾನೇನೋ?" ಎಂದರು. ಮಾತು ನಿಜವಾಗಿತ್ತು. ಬಲಮುಖದ ಟಣತ್ಕಾರ ಚೂಪಾಗಿ ಬರುತ್ತಿತ್ತು, ಎಡಮುಖದ ಗುಂ ಎನ್ನುವ ನಾದ ಪತ್ತೆಯಿರಲಿಲ್ಲ. ಇಷ್ಟು ಚಿಕ್ಕ ಪೆಟ್ಟಿಗೆಯೊಳಗಿನ ಅಂಗೈಗಿಂತ ಚಿಕ್ಕ ಸ್ಪೀಕರಿಗೆ ಮಂದ್ರದ ನಾದ ಹೊರಡಿಸಲು ಬಹಳ ಗಾಳಿಯನ್ನು ತಳ್ಳಬೇಕಾಗುತ್ತದೆ. ಅದು ಹರಿದುಹೋಗದಿರಲೆಂದು ಇಂಥ ಬಹಳಷ್ಟು ಸ್ಪೀಕರುಗಳು ಸದ್ದು ಏರಿಸಿದಷ್ಟೂ ಮಂದ್ರವನ್ನು ತಾವಾಗಿಯೇ ತಗ್ಗಿಸಿಕೊಳ್ಳುತ್ತವೆ. ನಮಗೆ ಮಂದ್ರ ಬೇಕಾಗುವುದು ಮಳೆಯ ಹೊತ್ತಿನಲ್ಲಿ, ಅದು ಕೈಕೊಡುವುದೂ ಅದೇ ಹೊತ್ತಿನಲ್ಲಿ. ಅಪ್ಪನ ಕಾಲದ ಟೇಪ್ ರೆಕಾರ್ಡರಿಗೆ ಈ ರೋಗ ಇರಲಿಲ್ಲ. ಅದರ ಪೆಟ್ಟಿಗೆ ದೊಡ್ಡದಿತ್ತು. (ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಅವನ್ನೆಲ್ಲ ಎಸೆಯಬೇಕಾಯಿತು ಎನ್ನುವುದು ಬೇರೆ ಮಾತು.)

ಶನಿವಾರ ಉಪಾಯ ಬದಲಿಸಿದೆ. ಎದುರು ಗೋಡೆಯ ಎತ್ತರದ ಗೂಡಿನಲ್ಲಿದ್ದ ಸ್ಪೀಕರನ್ನು ಕೆಳಗಿಳಿಸಿ, ನಾವು ಕೂರುವ ಮೂಲೆಯಲ್ಲೇ ಎರಡು ಗೋಡೆಗಳು ಸೇರುವ ಕಡೆ ಮರದ ಸ್ಟೂಲಿನ ಮೇಲಿಟ್ಟೆ. ಅಂತರ ಎಂಟು ಅಡಿಯಿಂದ ನಾಲ್ಕು ಅಡಿಗೆ ಇಳಿಯಿತು. ದೂರ ಅರ್ಧಕ್ಕಿಳಿದರೆ, ಗೋಡೆಗಳ ಪ್ರತಿಧ್ವನಿಯನ್ನು ಬದಿಗಿಟ್ಟು ಹೇಳುವುದಾದರೆ, ಸದ್ದು ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಮೂಲೆಯ ಗೋಡೆಗಳು ಮಂದ್ರಕ್ಕೆ ಇನ್ನಷ್ಟು ಬಲ ಕೊಡುತ್ತವೆ. ಸದ್ದನ್ನು ಅರ್ಧಕ್ಕೆ ಇಳಿಸಿದರೂ ಸಾಕಾಯಿತು, ಎಡಗೈಯ ನಾದ ತಕ್ಕಮಟ್ಟಿಗೆ ಮರಳಿತು, ಬ್ಯಾಟರಿಯೂ ಉಳಿಯಿತು. ಹೀಗಾಗಿ ಮಳೆನಾಡಿನಲ್ಲಿ ಸ್ಪೀಕರು ಕೊಳ್ಳುವವರು ವಾಟುಗಳ ಲೆಕ್ಕಕ್ಕೆ ಮರುಳಾಗದೆ, ಅರ್ಧ ಸದ್ದಿನಲ್ಲಿ ಮಾತಿನ ಅಕ್ಷರಗಳು ಹೇಗೆ ಕೇಳುತ್ತವೆ ಎಂಬುದನ್ನು ಪರೀಕ್ಷಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಬ್ಯಾಟರಿ 15 ಗಂಟೆ ಬರುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ. ಶುಕ್ರವಾರದ ಏರುದನಿಯಲ್ಲಿ ಒಂಬತ್ತು ಗಂಟೆಗೆ ಮುಗಿಯಿತು. ಅರ್ಧ ಸದ್ದಿನಲ್ಲಿ ಹದಿಮೂರು ದಾಟಿತು. ಶನಿವಾರ ರಾತ್ರಿ ಎಲ್ಲೋ ಮರ ಬಿದ್ದು ಕರೆಂಟು ಹೋಗಿ ಮರುದಿನ ಮಧ್ಯಾಹ್ನದವರೆಗೆ ಬರಲಿಲ್ಲ, ಮೊಬೈಲ್ ಟವರೂ ಸತ್ತಿತು; ಹಾಡುಗಳನ್ನು ಮೊದಲೇ ಮೆಮೊರಿ ಕಾರ್ಡಿಗೆ ಇಳಿಸಿಟ್ಟಿದ್ದರಿಂದ ಬಚಾವಾದೆವು. ಇಲ್ಲಿ ಕಾರ್ಡು ಹಾಕುವ ಜಾಗವಿಲ್ಲದ ಸ್ಪೀಕರನ್ನು ಕೊಳ್ಳಲೇಬಾರದು. ಎಫ್‌ಎಂ ಕೂಡ ಇದೆ, ಚಾರ್ಜಿಂಗ್ ವೈರನ್ನು ಚುಚ್ಚಿದರೆ ಅದೇ ಆಂಟೆನಾ ಆಗುತ್ತದೆ. ಕಿಟಕಿಯ ಬಳಿ ಮಡಿಕೇರಿ ಆಕಾಶವಾಣಿಯ 103.1 ಚೊಕ್ಕವಾಗಿ ಸಿಕ್ಕಿತು, ಅಡುಗೆಮನೆಗೆ ಒಯ್ದರೆ ಬರೀ ಗೊರಗೊರ. ಮರಕೆಸದ ಪತ್ರೊಡೆ ಬೇಯಿಸುತ್ತಿದ್ದ ಅಮ್ಮ, "ಅದನ್ನು ಅಲ್ಲೇ ಇಡು ಮಾರಾಯ, ನಾನೇ ಆ ಕಡೆ ಬರ್ತೇನೆ" ಎಂದು ಗದರಿದರು.

ಬ್ಲೂಟೂತಿನ ವ್ಯಾಪ್ತಿ ಹತ್ತು ಮೀಟರು ಎನ್ನುವುದು ಬಯಲಿನ ಲೆಕ್ಕ. ಒಂದೂವರೆ ಅಡಿ ದಪ್ಪದ, ಮಳೆಗಾಲದಲ್ಲಿ ತೇವ ಹೀರಿ ನಿಂತ ನಮ್ಮ ಮಣ್ಣಿನ ಗೋಡೆಯಾಚೆ ಫೋನು ಹೋದರೆ ಹಾಡು ತುಂಡಾಗುತ್ತದೆ. ಇದರಲ್ಲಿ ಸ್ಪೀಕರಿನ ತಪ್ಪೇನಿಲ್ಲ.

ನೀರು ತಾಗಿದರೂ ಕೆಡದು ಎಂಬ ಭರವಸೆಯ ಬಗ್ಗೆ ಒಂದು ಮಾತು ಹೇಳಬೇಕು. ಆ ಭರವಸೆಯ ಗುರುತಾದ ಐಪಿಎಕ್ಸ್7 ಎಂದರೆ ಒಂದು ಮೀಟರು ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟು ಪರೀಕ್ಷಿಸಲಾಗಿದೆ ಎಂದರ್ಥ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗದ, ಚಪ್ಪಲಿಗೂ ಬೂಷ್ಟು ಬರುವ ನಮ್ಮ ಥಂಡಿಯನ್ನು ಆ ಪರೀಕ್ಷೆ ಲೆಕ್ಕಕ್ಕೆ ಹಿಡಿದಿಲ್ಲ. ಚಾರ್ಜಿಂಗ್ ತೂತಿನ ರಬ್ಬರು ಮುಚ್ಚಳ ಮೂರನೇ ದಿನಕ್ಕೇ ಸಡಿಲವಾಗಿದೆ. ಒಳಗೆ ಪಸೆಯಿರುವಾಗ ಚಾರ್ಜಿಗೆ ಹಾಕಿದರೆ ಲೋಹದ ತುದಿಗಳು ಕಿಲುಬು ಹಿಡಿಯುವ ಭಯವಿದೆ. ಸದ್ಯಕ್ಕೆ ಕೇಳದಿರುವಾಗ ಅದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಹೊಸ ಚಪ್ಪಲಿಯ ಜೊತೆ ಬಂದಿದ್ದ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುತ್ತಿದ್ದೇನೆ. ಹಾಡುಗಾರಿಕೆ, ಭಾವಗೀತೆ, ರೇಡಿಯೋ ಕೇಳುವ ಮನೆಗೆ 4,500 ರೂಪಾಯಿ ಹೆಚ್ಚೇನಲ್ಲ. ಮದುವೆಯೊಂದರಲ್ಲಿ ಫೋನಿಗೆ ಹಿಡಿದುಕೊಂಡಿದ್ದ ವಾಲಗವನ್ನು ಇದರಲ್ಲಿ ಹಾಕಿ ನೋಡಿದೆ. ಕೊಂಬು ಕಿವಿಗೆ ಚುಚ್ಚಿತು, ಕೊಟ್ಟು ಎಂಬ ಚರ್ಮವಾದ್ಯದ ಪೆಟ್ಟು ಡಬ್ಬ ಬಡಿದಂತಾಯಿತು. ವಾಲಗಕ್ಕೆ ಕುಣಿಯುವ ಆಸೆಯಿದ್ದವರು ಇದನ್ನು ಕೊಳ್ಳುವುದು ಬೇಡ.