ಬ್ಯಾಗಿನಲ್ಲಿತ್ತು, ಹೆಲ್ಮೆಟ್ಟಿಗೆ ಕೂರಲಿಲ್ಲ

ಪುಣೆಯಿಂದ ಬೆಳಗಾವಿ ಕಡೆ ಬೈಕಿನಲ್ಲಿ ಓಡಾಡುವ ನಮ್ಮೂರ ಹುಡುಗರಿಗೆ ಹೆಲ್ಮೆಟ್ಟಿನ ವೈಸರ್, ಅಂದರೆ ಮುಖದ ಮುಂದಿನ ಪ್ಲಾಸ್ಟಿಕ್ ಪರದೆ, ಅದರ ಬಗ್ಗೆ ಎರಡು ತಿಂಗಳ ಹಿಂದೆಯೇ ಬರೀಬೇಕಿತ್ತು. ಎಡಗೈ ಪ್ಲಾಸ್ಟರಿನಲ್ಲಿತ್ತು, ಒಂದೇ ಹೆಬ್ಬೆರಳಲ್ಲಿ ಕನ್ನಡ ಟೈಪ್ ಮಾಡುವಷ್ಟು ತಾಳ್ಮೆ ನನಗಿಲ್ಲ. ಈಗ ಪ್ಲಾಸ್ಟರ್ ಬಿಚ್ಚಿದ್ದಾರೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಅದರಲ್ಲಿ ಅರ್ಧ ಅಂಗಡಿಯವನ ಮೇಲೆ, ಉಳಿದರ್ಧ ನನ್ನ ಮೇಲೆ.

ನನ್ನ ಹೆಲ್ಮೆಟ್ಟಿಗೆ ಸ್ಮೋಕ್ ವೈಸರ್, ಅಂದರೆ ಕಪ್ಪನೆಯದು, ಹಾಕಿದ್ದೆ. ಹಗಲಿಗೆ ಅದರಂಥ ಸುಖ ಇನ್ನೊಂದಿಲ್ಲ. ಏಪ್ರಿಲಿನಲ್ಲಿ ಹಿಂಜವಡಿಯಿಂದ ಮಧ್ಯಾಹ್ನ ಹೊರಟು ನೋಡಿ, ಗೊತ್ತಾಗುತ್ತೆ. ಚೆಂದ ಕಾಣುತ್ತೆ ಅನ್ನೋದೂ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ. ಆದರೆ ರಾತ್ರಿಗೆ ಅದು ಆಗಲ್ಲ ಅಂತ ನನಗೂ ಗೊತ್ತಿತ್ತು. ಅದಕ್ಕೇ ಆಗಸ್ಟಿನಲ್ಲಿ ನಾನಾ ಪೇಠಿಗೆ ಹೋಗಿ ಒಂದು ಕ್ಲಿಯರ್ ವೈಸರ್ ತಂದಿದ್ದೆ. ಪುಣೆಯಲ್ಲಿ ಬೈಕಿನ ಸಾಮಾನು ಬೇಕಂದರೆ ಎಲ್ಲರೂ ಹೋಗೋದು ಅಲ್ಲಿಗೇ. ಕಂಪನಿ ವೈಸರ್ ಸ್ಟಾಕ್ ಇಲ್ಲ, ಇದು ತಗೋ ಅಂದ ಅಂಗಡಿಯವನು. ನನ್ನ ಮಾಡೆಲ್ಲಿಗೆ ಕೂರುತ್ತಾ ಅಂತ ಕೇಳಿದ್ದಕ್ಕೆ ತಲೆಯೂ ಎತ್ತದೆ, 'ಸಗಳ್ಯಾಂನಾ ಬಸತೋ' ಅಂದ. ಎಲ್ಲದಕ್ಕೂ ಕೂರುತ್ತಂತೆ. 250 ರೂಪಾಯಿ. ಹೆಲ್ಮೆಟ್ ನನ್ನ ಕೈಯಲ್ಲೇ ಇತ್ತು, ಅಲ್ಲೇ ಹಾಕಿ ನೋಡಬಹುದಿತ್ತು. ಮಳೆ ಬರೋ ಹಾಗಿತ್ತು, ಪಾರ್ಕಿಂಗ್ ಬೇರೆ ಇರಲಿಲ್ಲ, ಹಾಗೇ ಬ್ಯಾಗಿಗೆ ತುರುಕಿ ಬಂದೆ.

ಅಲ್ಲಿಂದ ಡಿಸೆಂಬರ್‌ವರೆಗೆ ಅದು ಬ್ಯಾಗಿನಲ್ಲೇ ಇತ್ತು. ಕವರ್ ಕೂಡ ಒಡೆದಿರಲಿಲ್ಲ. ಸ್ಪೇರ್ ಇದೆ ಅನ್ನೋ ಧೈರ್ಯದಲ್ಲಿ ನಾಲ್ಕು ತಿಂಗಳು ಓಡಾಡಿದೆ.

ಡಿಸೆಂಬರಿನ ಮೊದಲ ರವಿವಾರ ನಿಪ್ಪಾಣಿಯಿಂದ ವಾಪಸ್ ಹೊರಟೆ. ಹನ್ನೊಂದಕ್ಕೆ ಬಿಡಬೇಕಾದವನು ಅವ್ವನ ಹೋಳಿಗೆ ಊಟ ಮುಗಿಸಿ ಎದ್ದಾಗ ಒಂದೂವರೆ. ಪುಣೆ ಸುಮಾರು 270 ಕಿಲೋಮೀಟರ್. ಡಿಸೆಂಬರಿನಲ್ಲಿ ಅಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತೆ. ಲೆಕ್ಕ ಹಾಕಿದ್ದರೆ ಹೊಸ್ತಿಲಲ್ಲೇ ಗೊತ್ತಾಗುತ್ತಿತ್ತು, ಕೊನೆಯ ಒಂದೂವರೆ ತಾಸು ಕತ್ತಲಲ್ಲೇ ಅಂತ.

ಕಾಗಲ್, ಕೊಲ್ಹಾಪುರ, ಕರಾಡ್ ಎಲ್ಲ ಆರಾಮಾಗಿ ದಾಟಿದೆ. ಕಬ್ಬಿನ ಸೀಜನ್, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು. ಅವುಗಳ ಹಿಂದೆ ದೀಪ ಇರೋದು ಅಪರೂಪ, ರಿಫ್ಲೆಕ್ಟರ್ ಇದ್ದರೆ ಅದೂ ಧೂಳು ಮೆತ್ತಿಕೊಂಡಿರುತ್ತೆ. ಅವು ನನಗೆ ಬೆಳಕಿರುವಾಗ ಸಿಕ್ಕಿದ್ದು ಪುಣ್ಯ.

ಮೊದಲ ಹೆದರಿಕೆ ಆಗಿದ್ದು ಖಂಬಾಟಕಿಯಲ್ಲಿ. ಪುಣೆಯಿಂದ ಹೋಗುವಾಗ ಘಾಟ್ ಹತ್ತಿ ಹೋಗ್ತೀವಿ, ಸಾತಾರಾ ಕಡೆಯಿಂದ ಬರುವಾಗ ಸುರಂಗ. ಒಂದು ಕಿಲೋಮೀಟರೂ ಇಲ್ಲ, ಅರವತ್ತರಲ್ಲಿ ಹೋದರೆ ನಿಮಿಷದೊಳಗೆ ಆಚೆ. ಇಳಿಬಿಸಿಲು ಎಡಗಡೆಯಿಂದ ಮುಖಕ್ಕೆ ಹೊಡೀತಿತ್ತು. ಸುರಂಗದ ಬಾಯಿಗೆ ನುಗ್ಗಿದೆ ನೋಡಿ, ಯಾರೋ ತಲೆಯ ಮೇಲೆ ಕಂಬಳಿ ಎಸೆದ ಹಾಗಾಯ್ತು. ಮುಂದಿನ ಟೆಂಪೋದ ಕೆಂಪು ದೀಪ ಎರಡು ಬಿಟ್ಟರೆ ಗೋಡೆ ಇಲ್ಲ, ಪಟ್ಟಿ ಇಲ್ಲ, ರಸ್ತೆ ಇಲ್ಲ. ಬಿಸಿಲಿನಿಂದ ಬಂದ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ ಇಪ್ಪತ್ತರಿಂದ ಮೂವತ್ತು ನಿಮಿಷ ತಗೊಳ್ಳುತ್ತೆ. ಸುರಂಗ ಕೊಡೋದು ಒಂದು ನಿಮಿಷ. ಅದರ ಮೇಲೆ ಕಪ್ಪು ವೈಸರ್. ಎಡಗೈಯಿಂದ ಅದನ್ನು ಮೇಲೆತ್ತಿದೆ. ಡೀಸೆಲ್ ಹೊಗೆ, ಧೂಳು, ಕಣ್ಣಲ್ಲಿ ನೀರು. ಆಚೆ ಬಂದ ಕೂಡಲೇ ಆ ಇಳಿಜಾರಿನ ಅಂಕುಡೊಂಕು ತಿರುವು, ಎಷ್ಟು ಲಾರಿ ಮಗುಚಿವೆಯೋ ಅಲ್ಲಿ. ಆ ತಿರುವನ್ನು ಒದ್ದೆ ಕಣ್ಣಲ್ಲೇ ಇಳಿದೆ.

ಶಿರವಳದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಆರಕ್ಕೆ ಹತ್ತು ನಿಮಿಷ. ಇಲ್ಲೇ ಬದಲಾಯಿಸಿಬಿಡೋಣ ಅಂತ ಬ್ಯಾಗಿನಿಂದ ಹೊಸ ವೈಸರ್ ತೆಗೆದೆ. ಕವರನ್ನು ಹಲ್ಲಲ್ಲಿ ಹರಿದು, ಸ್ಮೋಕ್ ವೈಸರ್ ಬಿಚ್ಚಿ ಬೆಂಚಿನ ಮೇಲಿಟ್ಟೆ. ಎಡಗಡೆ ಟಕ್ ಅಂತ ಕೂತಿತು. ಖುಷಿಯಾಯ್ತು. ಬಲಗಡೆ ಕೂರಲಿಲ್ಲ. ಒತ್ತಿದೆ. ಸ್ವಲ್ಪ ಬಗ್ಗಿಸಿ ಒತ್ತಿದೆ. ಹೆಲ್ಮೆಟ್ಟನ್ನು ಮೊಣಕಾಲ ಮಧ್ಯೆ ಹಿಡಿದು, ನಾಣ್ಯದಿಂದ ಲಾಕ್ ಮೀಟಿ ಒತ್ತಿದೆ. ಕೊಕ್ಕೆಗೂ ತೂತಿಗೂ ಮೂರು ಮಿಲಿಮೀಟರ್ ಅಂತರ, ಅಕ್ಕಿ ಕಾಳಿನ ಅರ್ಧ. ಎಡಗಡೆ ಮಾತ್ರ ಕೂರಿಸಿಕೊಂಡು ಹೋಗೋಣ ಅಂದರೆ ಗಾಳಿಗೆ ಬಾಗಿಲ ಹಾಗೆ ತೆರೆದುಕೊಳ್ಳುತ್ತೆ. ಚಹಾದಂಗಡಿಯ ಹುಡುಗ ನಿಂತು ನೋಡ್ತಿದ್ದ. ಕೊನೆಗೆ, 'ದಾದಾ, ಹೇ ತುಮಚಂ ನಾಹೀ' ಅಂದ. ಇದು ನಿಮ್ಮದಲ್ಲ ಅಂತ. ಅಂಗಡಿಯವನಿಗಿಂತ ಅವನಿಗೇ ಹೆಚ್ಚು ಗೊತ್ತಿತ್ತು.

ನಾನು ತಲೆ ಎತ್ತಿದಾಗ ಬೀದಿದೀಪ ಹತ್ತಿತ್ತು.

ಆಗ ಏನು ಮಾಡಬೇಕಿತ್ತು ಅಂತ ಆಮೇಲೆ ಎಲ್ಲರೂ ಹೇಳಿದರು. ಶಿರವಳದಲ್ಲೇ ಲಾಡ್ಜ್ ಮಾಡಬೇಕಿತ್ತು, ಬೈಕ್ ಬಿಟ್ಟು ಎಸ್‌ಟಿ ಬಸ್ ಹತ್ತಬೇಕಿತ್ತು. ಸರಿ. ಆದರೆ ಇನ್ನು ಐವತ್ತು ಕಿಲೋಮೀಟರ್ ಇದ್ದಾಗ, ಮಾರನೇ ದಿನ ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗ್ ಇದ್ದಾಗ, ವೈಸರ್ ಕೂರಲಿಲ್ಲ ಅಂತ ಲಾಡ್ಜ್ ಮಾಡುವವನು ಯಾರಿದ್ದಾನೆ ಹೇಳಿ. ಸ್ಮೋಕ್ ವೈಸರ್ ಮತ್ತೆ ಹಾಕಿ, ಬೇಕಾದಾಗ ಮೇಲೆತ್ತಿಕೊಳ್ಳೋಣ ಅಂತ ಹೊರಟೆ.

ನೀರಾ ನದಿ ದಾಟೋವರೆಗೆ ಎತ್ತಿಕೊಂಡೇ ಹೋದೆ. ಆಮೇಲೆ ಒಂದು ಹುಳ ಬಂದು ಕಣ್ಣ ಕೆಳಗೆ ಬಡೀತು, ಕವಣೆಯಲ್ಲಿ ಕಲ್ಲು ಹೊಡೆದ ಹಾಗೆ. ಒಂದು ಬೆರಳು ಮೇಲೆ ಬಡಿದಿದ್ದರೆ ಅಲ್ಲೇ ಕಥೆ ಮುಗೀತಿತ್ತು. ವೈಸರ್ ಇಳಿಸಿದೆ. ಈ ಮುಸ್ಸಂಜೆಯ ಮೋಸ ಏನಂದರೆ, ಬೆಳಕು ಒಮ್ಮೆಲೇ ಹೋಗಲ್ಲ. ಸುರಂಗದಲ್ಲಿ ಕಾಣಿಸಲ್ಲ ಅಂತ ಗೊತ್ತಾಗಿ ಹೆದರ್ತೀವಿ. ಮುಸ್ಸಂಜೆಯಲ್ಲಿ ಅದು ಗೊತ್ತೇ ಆಗಲ್ಲ. ಅಂಗಡಿ ಬೋರ್ಡು ಕಾಣುತ್ತೆ, ವಾಹನಗಳ ದೀಪ ಕಾಣುತ್ತೆ, ಆಕಾಶದಲ್ಲಿ ಕೆಂಪಿದೆ, ಇನ್ನೂ ಬೆಳಕಿದೆ ಅಂತಲೇ ಅನಿಸುತ್ತೆ. ದೀಪ ಇಲ್ಲದ್ದು ಮಾತ್ರ ಕಾಣಿಸಲ್ಲ.

ನಾನು ಒಂದು ಕಾರಿನ ಹಿಂದಿನ ದೀಪ ಹಿಡಿದು ಹೋಗ್ತಿದ್ದೆ, ಐವತ್ತೈದರಲ್ಲಿ. ಖೇಡ್ ಶಿವಾಪುರ ಇನ್ನೂ ಬಂದಿರಲಿಲ್ಲ. ಕಾರು ಇದ್ದಕ್ಕಿದ್ದಂತೆ ಬಲಕ್ಕೆ ಎಳೆದುಕೊಂಡಿತು. ಅದರ ಮರೆಯಲ್ಲಿ ಅಡಗಿದ್ದದ್ದು ಕೆಟ್ಟು ನಿಂತ ಒಂದು ಲಾರಿ, ಎಡಗಡೆಯ ಲೇನಿನಲ್ಲೇ, ದೀಪ ಇಲ್ಲದೆ. ಲಾರಿಯನ್ನು ತಪ್ಪಿಸಿದೆ, ನಿಜಕ್ಕೂ ತಪ್ಪಿಸಿದೆ. ಆದರೆ ನಮ್ಮ ಲಾರಿಯವರ ಪದ್ಧತಿ ಗೊತ್ತಲ್ಲ, ಗಾಡಿ ಕೆಟ್ಟರೆ ಹಿಂದೆ ನಾಲ್ಕು ಕಲ್ಲು, ಒಂದು ಹಸಿ ಟೊಂಗೆ. ಟೊಂಗೆ ಕಂಡಿತು. ಕಲ್ಲು ಕಾಣಲಿಲ್ಲ. ಬೂದು ರಸ್ತೆಯ ಮೇಲೆ ಬೂದು ಕಲ್ಲು, ನನ್ನ ಕಣ್ಣಿಗೆ ಎರಡೂ ಕಪ್ಪೇ. ಐವತ್ತೈದರಲ್ಲಿ ಸೆಕೆಂಡಿಗೆ ಹದಿನೈದು ಮೀಟರ್ ಹೋಗ್ತೀವಿ. ಅಂದರೆ ಏನೋ ಇದೆ ಅಂತ ತಲೆಗೆ ಹೋಗಿ ಬೆರಳು ಬ್ರೇಕ್ ಮುಟ್ಟೋದರೊಳಗೆ ಅದರ ಮೇಲೇ ಇರ್ತೀವಿ. ಮುಂದಿನ ಚಕ್ರ ಹತ್ತಿತು, ಹ್ಯಾಂಡಲ್ ಕೈಯಿಂದ ಕಿತ್ತುಕೊಂಡಿತು, ನಾನು ಎಡಗೈ ಊರಿ ಬಿದ್ದೆ.

ಲಾರಿಯಿಂದ ಇಳಿದು ಓಡಿ ಬಂದವನು ಎತ್ತಿ ಕೂರಿಸಿದ. ನಂಬರ್ ಪ್ಲೇಟ್ ಕೆಎ 23, ಚಿಕ್ಕೋಡಿಯದು, ಒಳಗೆ ಎಲೆಕೋಸು. ಮರಾಠಿಯಲ್ಲಿ ಶುರು ಮಾಡಿದವನು, ನಾನು 'ಅವ್ವಾ' ಅಂದದ್ದು ಕೇಳಿ ಕನ್ನಡಕ್ಕೆ ಬಂದ. 'ಅಲ್ಲೋ ತಮ್ಮಾ, ಇಷ್ಟ ದೊಡ್ಡ ಕಲ್ಲ ಕಾಣಲಿಲ್ಲೇನ?' ಅಂತ ಬಗ್ಗಿ ನನ್ನ ಮುಖ ನೋಡೋಕೆ ಹೋದ. ಮುಖ ಕಾಣಲಿಲ್ಲ ಅವನಿಗೆ. ವೈಸರ್ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. 'ಕರೇ ಕನ್ನಡಕ ಹಾಕ್ಕೊಂಡು ರಾತ್ರಿ ಗಾಡಿ ಹೊಡೀತಿ, ಮತ್ತ ನಮಗ ಬೈತೀರಿ.' ನಾನು ಇನ್ನೂ ಬೈದಿರಲಿಲ್ಲ. ಬೈಯೋಣ ಅಂತಿದ್ದೆ, ಅಷ್ಟೇ. ರಿಫ್ಲೆಕ್ಟರ್ ತ್ರಿಕೋನ ಇಡದೆ ಕಲ್ಲು ಇಟ್ಟಿದ್ದು ಅವನ ತಪ್ಪೇ, ಅದನ್ನು ಬಿಟ್ಟುಕೊಡಲ್ಲ. ಆದರೆ ನನ್ನ ಹಿಂದೆ ಬಂದ ಇಬ್ಬರು ಬೈಕಿನವರು ಅದೇ ಕಲ್ಲನ್ನು ನೋಡಿ, ಪಕ್ಕಕ್ಕೆ ತಿರುಗಿಸಿ, ನಿಲ್ಲಿಸಿ, ನನ್ನನ್ನು ಎತ್ತೋಕೆ ಬಂದಿದ್ದರು.

ಸ್ಕಾಫಾಯ್ಡ್ ಅಂತ ಒಂದು ಮೂಳೆ ಇದೆ, ಹೆಬ್ಬೆರಳ ಬುಡದಲ್ಲಿ, ಗೋಡಂಬಿಯಷ್ಟು. ಕೈ ಊರಿ ಬಿದ್ದವರಲ್ಲಿ ಹಲವರದು ಮುರಿಯೋದು ಅದೇ. ಅದಕ್ಕೆ ರಕ್ತ ಸರಬರಾಜು ಕಡಿಮೆ, ಕೂಡೋದು ನಿಧಾನ. ಎಂಟು ವಾರ ಕ್ಲಚ್ ಹಿಡಿಯಲಿಲ್ಲ. ವಿಜಯಪುರದ ರೂಂಮೇಟ್ ಎಂಟು ವಾರ ನನ್ನ ರೊಟ್ಟಿ ಮುರಿದು ಕೊಟ್ಟ, ಪ್ರತಿ ಸಲವೂ ವೈಸರ್ ವಿಷಯ ತೆಗೆದ.

ಮಲಗಿದ್ದಾಗ ಒಂದು ದಿನ ಆ ಸ್ಮೋಕ್ ವೈಸರನ್ನು ಬೆಳಕಿಗೆ ಹಿಡಿದು ನೋಡಿದೆ. ಕೆಳಮೂಲೆಯಲ್ಲಿ, ಇರುವೆ ಸಾಲಿನಂಥ ಉಬ್ಬಕ್ಷರದಲ್ಲಿ, 'ಡೇಟೈಮ್ ಯೂಸ್ ಓನ್ಲಿ' ಅಂತಿತ್ತು. ಎರಡು ವರ್ಷ ನನ್ನ ಮೂಗಿನ ಮುಂದೆಯೇ ಇದ್ದ ಅಕ್ಷರ. ಐರೋಪ್ಯ ನಿಯಮ ಇಸಿಇ 22.05ರ ಪ್ರಕಾರ ನೂರಕ್ಕೆ 80ಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರಿಗೆ ಹೀಗೆ ಹಗಲಿಗೆ ಮಾತ್ರ ಅಂತ ಗುರುತು ಹಾಕಲೇಬೇಕು, 50ಕ್ಕಿಂತ ಕೆಳಗೆ ಮಂಜೂರಾತಿಯೇ ಇಲ್ಲ. ಹೊಸ 22.06 ಆ ಕೆಳಮಿತಿಯನ್ನು 35ಕ್ಕೆ ಇಳಿಸಿದೆ, ಗುರುತಿನ ಷರತ್ತು ಹಾಗೇ ಇದೆ. ಬೀದಿಬದಿಯಲ್ಲಿ ಮಾರುವ ಕನ್ನಡಿಯಂಥ ಮರ್ಕ್ಯುರಿ ವೈಸರುಗಳು ಎಷ್ಟು ಬೆಳಕು ಬಿಡುತ್ತವೋ ದೇವರೇ ಬಲ್ಲ. ನಮ್ಮಲ್ಲಿ 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ, ನಿಜ. ಆದರೆ ಹೆಲ್ಮೆಟ್ಟಿನ ಹಿಂದಿರುವ ಆ ಸ್ಟಿಕ್ಕರ್, ನೀವು ಬಿಡಿಯಾಗಿ ಕೊಂಡು ಹಾಕುವ ವೈಸರಿನ ಬಗ್ಗೆ ಏನೂ ಹೇಳಲ್ಲ.

ಬಿಸಿಲಿಗೆ ಕಪ್ಪಾಗಿ ನೆರಳಿಗೆ ತಿಳಿಯಾಗುವ ಫೋಟೋಕ್ರೋಮಿಕ್ ತಗೋ ಅಂತ ಆಫೀಸಿನಲ್ಲೊಬ್ಬ ಹೇಳಿದ. ಮುಸ್ಸಂಜೆಗೆ ಅದು ಸರಿ. ಆದರೆ ತಿಳಿಯಾಗೋಕೆ ಅದಕ್ಕೂ ಸಮಯ ಬೇಕು, ಖಂಬಾಟಕಿ ಅಷ್ಟು ಕಾಯಲ್ಲ. ಹೊಸದಾಗಿ ಹೆಲ್ಮೆಟ್ ಕೊಳ್ಳುವವರಾದರೆ ಹೊರಗೆ ಕ್ಲಿಯರ್, ಒಳಗೆ ಬೆರಳಲ್ಲಿ ಎಳೆದು ಇಳಿಸುವ ಸಣ್ಣ ಕಪ್ಪು ಪರದೆ ಇರುವುದು ತಗೊಳ್ಳಿ. ನನ್ನ ಹಾಗೆ ಈಗಾಗಲೇ ದುಡ್ಡು ಸುರಿದವರಿಗೆ ಬಿಡಿ ವೈಸರೇ ಗತಿ. ಅದು ಅದೇ ಕಂಪನಿಯ, ಅದೇ ಮಾಡೆಲ್ಲಿನದೇ ಆಗಿರಲಿ. ಹೆಸರು ಒಂದೇ ಇದ್ದು ಒಂದಕ್ಷರ ಬದಲಾದರೂ ಕೊಕ್ಕೆ ಬೇರೆ ಇರಬಹುದು. ತಂದ ದಿನವೇ ಹಾಕಿ, ತೆಗೆದು, ಮತ್ತೆ ಹಾಕಿ, ಕೈಗವಸು ತೊಟ್ಟುಕೊಂಡೂ ಒಮ್ಮೆ. ನನಗೆ ಈಗ ನಲವತ್ತು ಸೆಕೆಂಡ್ ಸಾಕು, ಮಂಚದ ಮೇಲೆ ಕೂತು ಕಲಿತಿದ್ದು.

ಬ್ಯಾಗಿನಲ್ಲಿ ಇಡುವಾಗ ಕೀಲಿ, ಚಾರ್ಜರ್ ಜೊತೆ ಹಾಕಬೇಡಿ. ಗೀರು ಬಿದ್ದ ಕ್ಲಿಯರ್ ವೈಸರಿಗೆ ಎದುರಿನ ಲಾರಿ ಲೈಟು ಬಿದ್ದರೆ ಒಂದೊಂದು ಗೀರೂ ಹೊಳೆದು ರಸ್ತೆಯೇ ಮಾಯ. ನನ್ನದು ಅವ್ವ ಹೊಲಿದು ಕೊಟ್ಟ ಚೀಲದಲ್ಲಿದೆ, ಹಳೇ ಇಳಕಲ್ ಸೀರೆಯ ತುಂಡು, ಜಾಕೆಟ್ಟು ಮತ್ತು ಟವೆಲ್ ನಡುವೆ, ಬಾಗು ಮುರಿಯದ ಹಾಗೆ. ಒರೆಸೋಕೆ ನೀರು, ಒಂದು ಹನಿ ಶಾಂಪೂ ಸಾಕು. ಗ್ಯಾರೇಜಿನ ಹುಡುಗ ಪ್ರೀತಿಯಿಂದ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಲು ಬಂದರೆ ಕೈ ಹಿಡಿಯಿರಿ, ಪಾಲಿಕಾರ್ಬನೇಟ್ ಪೆಟ್ರೋಲಿಗೆ ಮಂಕಾಗಿ ಸೀಳುತ್ತೆ. ಜೊತೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಬಿಳಿ ಪ್ಲಾಸ್ಟಿಕ್ ಕನ್ನಡಕ ಒಂದನ್ನು ಇಟ್ಟಿದ್ದೇನೆ. ವೈಸರ್ ಕೈಕೊಟ್ಟರೂ ಅದನ್ನು ತೊಟ್ಟು, ವೈಸರ್ ಮೇಲೆತ್ತಿ, ನಿಧಾನಕ್ಕೆ ಊರು ಸೇರಬಹುದು. ಆ ದಿನ ಅದೊಂದು ಇದ್ದಿದ್ದರೂ ಸಾಕಿತ್ತು.

ಬದಲಾಯಿಸೋದು ಎಲ್ಲಿ ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡ್ತೀನಿ ಈಗ. ನಿಪ್ಪಾಣಿಯಿಂದ ಮಧ್ಯಾಹ್ನ ಬಿಟ್ಟರೆ ಸಾತಾರಾ. ಬಿಸಿಲು ಎಷ್ಟೇ ಇರಲಿ, ಅಲ್ಲಿ ಕ್ಲಿಯರ್ ಬೀಳುತ್ತೆ. ಮುಂದೆ ಖಂಬಾಟಕಿ, ಅದಾದ ಮೇಲೆ ಕಾತ್ರಜ್ ಹೊಸ ಸುರಂಗ, ಅದರಿಂದ ನವಲೆ ಬ್ರಿಜ್‌ವರೆಗಿನ ಇಳಿಜಾರು. ಆ ಇಳಿಜಾರಿನಲ್ಲಿ ಬ್ರೇಕ್ ತಪ್ಪಿದ ಟ್ರಕ್ಕು ಹಿಂದಿನಿಂದ ಬರಬಹುದು, ಕನ್ನಡಿಯಲ್ಲಿ ಅದನ್ನು ನೋಡೋಕಾದರೂ ಕಣ್ಣು ಬೇಕಲ್ಲ.

ಪ್ಲಾಸ್ಟರ್ ಬಿಚ್ಚಿದ ವಾರ ನಾನಾ ಪೇಠಿಗೆ ಹೋಗಿದ್ದೆ, ಅದೇ ಅಂಗಡಿಗೆ, ಅದೇ ವೈಸರ್ ಹಿಡಿದು. ದುಡ್ಡು ವಾಪಸ್ ಸಿಗುತ್ತೆ ಅಂತ ಅಲ್ಲ, ಮುಖ ನೋಡೋಣ ಅಂತ. ಅವನು ಇನ್ನೊಬ್ಬ ಹುಡುಗನಿಗೆ ಹೊಸದೊಂದು ತೋರಿಸ್ತಿದ್ದ, ಅದೇ ಮಾತು, ಸಗಳ್ಯಾಂನಾ ಬಸತೋ. ಹುಡುಗನ ಕೈಯಲ್ಲಿ ಹೆಲ್ಮೆಟ್ ಇತ್ತು. ಇಲ್ಲೇ ಹಾಕಿ ನೋಡು ಅಂದೆ. ಎಡಗಡೆ ಟಕ್ ಅಂತ ಕೂತಿತು. ಬಲಗಡೆ ಹುಡುಗ ಒತ್ತಿದ, ಬಗ್ಗಿಸಿ ಒತ್ತಿದ, ಅಂಗಡಿಯವನೂ ಕೈ ಹಾಕಿ ಒತ್ತಿದ. ನಾನು ಕೌಂಟರಿಗೆ ಒರಗಿ, ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು, ಬೇಕಾದರೆ ಲಾಕ್ ಮೀಟೋಕೆ ತಗೋ ಅಂತ ಅವನ ಮುಂದಿಟ್ಟೆ.