ಗೂಗಲ್ ಮರ್ಚೆಂಟ್ ಸೆಂಟರ್: ಇಳಕಲ್ ಸೀರೆ ಅಂಗಡಿಯವರ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಗೂಗಲ್‌ನಲ್ಲಿ ಹುಡುಕುವವರಿಗೆ ನಮ್ಮ ಅಂಗಡಿಯ ಮಾಲು ಕಾಣುವ ಹಾಗೆ ಮಾಡುವ ಈ ಮರ್ಚೆಂಟ್ ಸೆಂಟರ್ ಸೇವೆ ಒಳ್ಳೆಯದು, ಕಾಸೂ ಕೇಳುವುದಿಲ್ಲ. ಆದರೆ ಒಂದೇ ನಮೂನೆಯ ಸಾವಿರ ಮಾಲು ಗೋದಾಮಿನಲ್ಲಿ ಇಟ್ಟುಕೊಂಡವರಿಗೆ ಹೊಂದುವಷ್ಟು ಚೆನ್ನಾಗಿ ಕೈಮಗ್ಗದವರಿಗೆ ಇದು ಹೊಂದುವುದಿಲ್ಲ. ನಾವು ಹೊಂದಿಸಿಕೊಂಡಿದ್ದೇವೆ. ಹೇಗೆ ಅಂತ ಬರೆಯುತ್ತೇನೆ, ನಿಮ್ಮದೂ ಇಂಥದೇ ವ್ಯಾಪಾರ ಆಗಿದ್ದರೆ ಉಪಯೋಗಕ್ಕೆ ಬರಬಹುದು.

ಇಳಕಲ್ಲಿನಲ್ಲಿ ನಮ್ಮದು ಸೀರೆ ಅಂಗಡಿ. ಜೊತೆಗೆ ಒಂದು ಸಣ್ಣ ವೆಬ್‌ಸೈಟ್ ಇದೆ. ವೆಬ್‌ಸೈಟ್ ನೋಡಿಕೊಳ್ಳುವುದು ನಾನು, ಸ್ಟಾಕ್ ಲೆಕ್ಕ ನಮ್ಮ ವೈನಿಯದು, ಅಂದರೆ ಅತ್ತಿಗೆಯದು. ಕೆಲವು ವರ್ಷಗಳಿಂದ ಇಬ್ಬರೂ ಸೇರಿ ಈ ಫೀಡ್ ಕೆಲಸ ಮಾಡುತ್ತಿದ್ದೇವೆ.

ಫೀಡ್ ಅಂದರೆ ಭಾರಿ ವಿದ್ಯೆ ಏನಲ್ಲ. ನಿಮ್ಮ ಅಂಗಡಿಯ ಮಾಲಿನ ಪಟ್ಟಿ, ಅಷ್ಟೇ. ಒಂದು ಸಾಲಿಗೆ ಒಂದು ಮಾಲು. ಅದನ್ನು ಗೂಗಲ್ ಹೇಳಿದ ಕಾಲಂಗಳಲ್ಲಿ ತುಂಬಿ ಕೊಟ್ಟರೆ, ಜನ ಹುಡುಕಿದಾಗ ಫೋಟೋ, ಬೆಲೆ, ಅಂಗಡಿ ಹೆಸರು ಸಮೇತ ತೋರಿಸುತ್ತದೆ. 2012ರಲ್ಲಿ ಹೀಗೆ ಮಾಲು ತೋರಿಸುವ ಗೂಗಲ್ ಶಾಪಿಂಗನ್ನು ಜಾಹೀರಾತಿಗೆ ದುಡ್ಡು ಕೊಡುವವರಿಗೆ ಮಾತ್ರ ಅಂತ ಮಾಡಿದ್ದರು. 2020ರಲ್ಲಿ ಮತ್ತೆ ಪುಕ್ಕಟೆ ಲಿಸ್ಟಿಂಗ್ ಶುರು ಮಾಡಿದರು, ಮೊದಲು ಅಮೆರಿಕದಲ್ಲಿ, ಆಮೇಲೆ ಉಳಿದ ಕಡೆ. ನಮ್ಮಂಥ ಅಂಗಡಿಗೆ ದಾರಿ ತೆರೆದದ್ದು ಆವಾಗಲೇ. ಜಾಹೀರಾತು ನಾವು ಕೊಡುವುದಿಲ್ಲ. ಹಾಗಾಗಿ ಈ ವಿಮರ್ಶೆ ಪುಕ್ಕಟೆ ಲಿಸ್ಟಿಂಗ್ ಬಗ್ಗೆ ಮಾತ್ರ.

ಖಾತೆ ತೆರೆಯುವುದು ಸುಲಭ. ವೆಬ್‌ಸೈಟ್ ನಿಮ್ಮದೇ ಅಂತ ಸಾಬೀತು ಮಾಡಬೇಕು. ವಿಳಾಸ, ಫೋನ್ ನಂಬರ್, ಮಾಲು ವಾಪಸ್ ತೆಗೆದುಕೊಳ್ಳುವ ನಿಯಮ ಎಲ್ಲ ಸೈಟಿನಲ್ಲಿ ಕಾಣುವಂತಿರಬೇಕು. ಈ ವಾಪಸ್ ನಿಯಮವನ್ನು ಸುಮ್ನೆ ಎಲ್ಲಿಂದಲೋ ಎತ್ತಿ ಹಾಕಬೇಡಿ. ನೀವು ನಿಜವಾಗಿ ಏನು ಮಾಡುತ್ತೀರೋ ಅದನ್ನೇ ಬರೆಯಿರಿ.

ನಿಜವಾದ ಕೆಲಸ ಇರುವುದು ಶೀಟಿನಲ್ಲಿ. ನಾವು ಗೂಗಲ್ ಶೀಟ್ ಬಳಸುತ್ತೇವೆ. ಎಕ್ಸ್‌ಎಂಎಲ್ ಫೈಲನ್ನೂ ಕೊಡಬಹುದು, ಆದರೆ ವೈನಿ ಫೋನಿನಲ್ಲೇ ತಿದ್ದಬೇಕಲ್ಲ, ಅದಕ್ಕೆ ಶೀಟೇ ಸರಿ. ಟೈಟಲ್‌ಗೆ 150 ಅಕ್ಷರ ಜಾಗ ಇದೆ. ಆದರೆ ಹುಡುಕುವವರ ಕಣ್ಣಿಗೆ ಬೀಳುವುದು ಹೆಚ್ಚೆಂದರೆ ಮೊದಲ 70. ಅದಕ್ಕೆ ನಾವು 'ಇಳಕಲ್ ಕೈಮಗ್ಗದ ಸೀರೆ' ಅಂತ ಶುರು ಮಾಡಿ, ಹತ್ತಿಯೋ ರೇಷ್ಮೆಯೋ, ಯಾವ ಬಣ್ಣ, ಯಾವ ದಡಿ (ಅಂಚು) ಅನ್ನುವುದನ್ನು ತಕ್ಷಣ ಹಾಕುತ್ತೇವೆ. ತೋಪು ತೆನಿ ಅನ್ನುವ ನಮೂನೆಯ ಸೆರಗು, ಅಳತೆ ಎಲ್ಲ ಆಮೇಲೆ. 'ಹಬ್ಬದ ಆಫರ್', 'ಡೆಲಿವರಿ ಫ್ರೀ' ಅಂತ ಟೈಟಲ್‌ನಲ್ಲಿ ಬರೆಯುವಂತಿಲ್ಲ. ಫೋಟೋದ ಮೇಲೆ ಅಂಗಡಿ ಹೆಸರು ಅಚ್ಚು ಹಾಕುವುದಕ್ಕೂ ಬಿಡುವುದಿಲ್ಲ. ವಾಟ್ಸಾಪಿಗೆ ಕಳಿಸುವ ಫೋಟೋದಲ್ಲಿ ನಾವೆಲ್ಲ ಹೆಸರು, ನಂಬರ್ ಹಾಕಿಯೇ ಇರುತ್ತೇವೆ, ಅಲ್ವಾ? ಫೀಡ್‌ಗೆ ಬೇರೆ ಫೋಟೋ ಇಟ್ಟುಕೊಳ್ಳಬೇಕು. ಹಳೆ ಫೋಟೋ ತೆಗೆದು ಹೊಸದು ಹಾಕುವಾಗ ಅದರ ಲಿಂಕನ್ನೂ ಬದಲಿಸಿ. ಲಿಂಕ್ ಅದೇ ಇದ್ದರೆ ಒಳಗೆ ಫೋಟೋ ಬದಲಾಗಿದೆ ಅಂತ ಗೂಗಲ್‌ಗೆ ಗೊತ್ತಾಗುವುದು ತಡ.

ಬೆಲೆ ಕಾಲಂನಲ್ಲಿ ಅಂಕಿ, ಪಕ್ಕದಲ್ಲಿ ಐಎನ್‌ಆರ್, ಅಂದರೆ ಭಾರತದ ರೂಪಾಯಿ. ಜಿಎಸ್‌ಟಿ ಸೇರಿಸಿಯೇ ಹೇಳಬೇಕು. ಐಡಿ ಕಾಲಂ ಬಗ್ಗೆ ಒಂದು ಕಿವಿಮಾತು. ನಮ್ಮ ಸೀರೆ ಚೀಟಿಯ ನಂಬರ್ 0417 ಅಂತ ಇರುತ್ತದೆ. ಶೀಟ್ ಅದನ್ನು ಲೆಕ್ಕದ ಅಂಕಿ ಅಂದುಕೊಂಡು ಮುಂದಿನ ಸೊನ್ನೆ ನುಂಗಿ 417 ಮಾಡುತ್ತದೆ. ಆ ಕಾಲಂ ಪೂರ್ತಿ 'ಪ್ಲೇನ್ ಟೆಕ್ಸ್ಟ್' ಮಾಡಿಟ್ಟರೆ ಕೆಲಸ ಮುಗಿಯಿತು. ಐಡಿ ಒಮ್ಮೆ ಕೊಟ್ಟರೆ ಬದಲಿಸಬೇಡಿ. ಮಾರಿಹೋದ ಸೀರೆಯ ಐಡಿಯನ್ನು ಹೊಸ ಸೀರೆಗೂ ಕೊಡಬೇಡಿ.

ಬಾರ್‌ಕೋಡ್ ನಂಬರ್ ಕೇಳುವ ಕಾಲಂ ನೋಡಿ ಸುಮಾರು ಜನ ಹೆದರುತ್ತಾರೆ. ಮಗ್ಗದಿಂದ ಇಳಿದ ಸೀರೆಗೆ ಎಲ್ಲಿಯ ಬಾರ್‌ಕೋಡ್? ಅಂಥ ಗುರುತಿನ ನಂಬರ್ ಇಲ್ಲ ಅಂತ ಹೇಳುವುದಕ್ಕೇ ಬೇರೆ ಕಾಲಂ ಇದೆ, ಅಲ್ಲಿ 'ನೋ' ಅಂತ ಹಾಕಿದರಾಯಿತು. ನಮ್ಮ ಊರಿನ ಕಡೆ ಯಾರೋ ಹೇಳಿಕೊಟ್ಟರು ಅಂತ ಸುಳ್ಳು ನಂಬರ್ ತುಂಬಿದವರಿದ್ದಾರೆ. ಆ ನಂಬರ್ ಮತ್ತ್ಯಾವುದೋ ಮಾಲಿನದಾಗಿದ್ದರೆ ನಿಮ್ಮ ಸೀರೆ ತಿರಸ್ಕಾರ ಆಗಬಹುದು.

ಇನ್ನು ಅಸಲಿ ತೊಂದರೆಗೆ ಬರೋಣ. ಮಗ್ಗದಲ್ಲಿ ಒಂದು ಸೀರೆ ಆಗುವುದಕ್ಕೆ ದಿನಗಟ್ಟಲೆ ಬೇಕು. ಸೆರಗಿನ ರೇಷ್ಮೆ ಹಾಸು, ಅಂದರೆ ಉದ್ದದ ಎಳೆಗಳನ್ನು, ಒಡಲಿನ ಉದ್ದದ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವುದೇ ನಮ್ಮ ಸೀರೆಯ ವಿಶೇಷ. 2007ರ ಸುಮಾರಿಗೆ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿದ ಸೀರೆ ಇದು. ಇಂಥದರಲ್ಲಿ ಒಂದು ಬಣ್ಣದ ಜೋಡಣೆಯಲ್ಲಿ ಒಂದೇ ಸೀರೆ ಇರುವುದು ಮಾಮೂಲು. ಹೊಸ ಮಾಲು ಫೀಡ್‌ಗೆ ಹಾಕಿದರೆ ಪರಿಶೀಲನೆಗೆ ಮೂರು ಕೆಲಸದ ದಿನದವರೆಗೂ ಹಿಡಿಯಬಹುದು. ಅಷ್ಟರಲ್ಲಿ ಅಂಗಡಿಗೆ ಬಂದ ಗಿರಾಕಿ ಅದನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋಗಿರುತ್ತಾರೆ. ವೈನಿ ಗಲ್ಲಾದಿಂದಲೇ ಕೂಗುತ್ತಾರೆ: "ಕೆಂಪ ಗೋಮಿ ಹೋತ್ ನೋಡಪಾ, ಶೀಟಿನ್ಯಾಗಿಂದ ತಗಿ." ಗೋಮಿ ಅಂದರೆ ಒಂದು ಬಗೆಯ ದಡಿ. ಆ ಸೀರೆ ಇನ್ನೂ ಗೂಗಲ್‌ನಲ್ಲಿ ಬಂದೇ ಇರುವುದಿಲ್ಲ.

ಅದಕ್ಕೆ ನಾವು ಮಾಲನ್ನು ಎರಡು ಪಾಲು ಮಾಡಿದೆವು. ನೇಕಾರರು ಮತ್ತೆ ಮತ್ತೆ ಮಾಡಿಕೊಡುವ ನಮೂನೆಗಳು ಇವೆಯಲ್ಲ, ದಾಳಿಂಬೆ ಕೆಂಪು, ನವಿಲು ಹಸಿರು, ಮಾಮೂಲಿ ಗೋಮಿ ದಡಿಯವು, ಅವು ಮಾತ್ರ ಫೀಡ್‌ಗೆ. ಒಂದು ನಮೂನೆಗೆ ಒಂದು ಗುಂಪಿನ ಐಡಿ, ಅದರೊಳಗೆ ಬಣ್ಣಕ್ಕೊಂದು ಸಾಲು. ಸ್ಟಾಕ್ ಮುಗಿದರೆ 'ಔಟ್ ಆಫ್ ಸ್ಟಾಕ್' ಅಂತ ಹಾಕುತ್ತೇವೆ, ಸಾಲು ಅಳಿಸುವುದಿಲ್ಲ. ಮುಂದಿನ ಸರಕು ಬಂದಾಗ ಅದೇ ಸಾಲು ಮತ್ತೆ ಜೀವ ಪಡೆಯುತ್ತದೆ. ಒಂಟಿ ಸೀರೆಗಳು, ಹಳೆ ಗಿರಾಕಿಗಳು ಹೇಳಿ ನೇಯಿಸಿದವು, ಶುದ್ಧ ರೇಷ್ಮೆಯವು ಫೀಡ್‌ಗೆ ಹೋಗುವುದೇ ಇಲ್ಲ. ಅವು ವಾಟ್ಸಾಪಿನಲ್ಲೇ ಮಾರಿಹೋಗುತ್ತವೆ. ಗುಳೇದಗುಡ್ಡದ ಖಣಕ್ಕೂ (ಕುಪ್ಪಸದ ಬಟ್ಟೆಗೂ) ಇದೇ ಲೆಕ್ಕ. ಹೀಗೆ ಮಾಡಿದ ಮೇಲೆ ಇಬ್ಬರಿಗೂ ತಲೆನೋವು ಅರ್ಧ ಕಡಿಮೆ ಆಯಿತು.

ಎರಡನೇ ತೊಂದರೆ ಬಂದದ್ದು ಬೇರೆ ದಿಕ್ಕಿನಿಂದ. ಫೀಡ್‌ನಲ್ಲಿ ಇರುವ ಬೆಲೆಯೂ ವೆಬ್‌ಸೈಟ್ ಪುಟದ ಬೆಲೆಯೂ ಒಂದೇ ಇರಬೇಕು. ಗೂಗಲ್ ಪುಟಕ್ಕೆ ಬಂದು ನೋಡುತ್ತದೆ. ಕಣ್ಣಿಗೆ ಕಾಣುವ ಬೆಲೆಯ ಜೊತೆ ಪುಟದ ಒಳಗಿನ ಕೋಡ್ ಕೂಡ ಓದುತ್ತದೆ. ಈ ಕೋಡ್ ಬರೆಯುವ ಪದ್ಧತಿಯ ಹೆಸರು ಸ್ಕೀಮಾ ಡಾಟ್ ಆರ್ಗ್. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಮೂವರೂ ಸೇರಿ ತಂದದ್ದು. ಮಾಲಿನ ಹೆಸರು, ಬೆಲೆ, ಸ್ಟಾಕ್ ಇದೆಯೋ ಇಲ್ಲವೋ ಅನ್ನುವುದನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಅದರಲ್ಲಿ ಬರೆದಿರುತ್ತದೆ.

ಒಂದು ವರ್ಷ ಪಂಚಮಿಗೆ ರಿಯಾಯಿತಿ ಇಟ್ಟೆವು. ಪುಟದಲ್ಲಿ 2,450 ರೂಪಾಯಿ, ಶೀಟಿನಲ್ಲೂ ಅದೇ. ಆದರೂ ಸಾಲುಸಾಲಾಗಿ 'ಬೆಲೆ ತಾಳೆಯಾಗಿಲ್ಲ' ಅಂತ ಬಂತು. ಸೈಟಿನ ಟೆಂಪ್ಲೇಟ್ (ಪುಟಗಳ ಸಿದ್ಧ ಅಚ್ಚು) ಕೊಟ್ಟ ಕಂಪನಿಗೆ ಫೋನ್ ಮಾಡಿದರೆ ಕ್ಯಾಶ್, ಅಂದರೆ ಉಳಿಸಿಟ್ಟ ಹಳೆ ಪ್ರತಿ, ಕ್ಲಿಯರ್ ಮಾಡಿ ಅಂತ ಒಂದೇ ರಾಗ. ಕೊನೆಗೆ ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ ಪುಟದ ಒಳಗಿನ ಆ ಕೋಡ್ ತೋರಿಸುವ ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್‌ನಲ್ಲಿ ಪುಟದ ಲಿಂಕ್ ಹಾಕಿ ನೋಡಿದ. ಒಳಗಿನ ಕೋಡ್‌ನಲ್ಲಿ ಹಳೆ ಬೆಲೆ 2,800 ಹಾಗೇ ಕೂತಿತ್ತು! ರಿಯಾಯಿತಿ ಕೊಟ್ಟಾಗ ಕಣ್ಣಿಗೆ ಕಾಣುವುದನ್ನು ಮಾತ್ರ ಬದಲಿಸಿ, ಕೋಡ್ ಮುಟ್ಟದ ಟೆಂಪ್ಲೇಟ್ ಅದು. ದುಡ್ಡು ಕೊಟ್ಟು ತೆಗೆದುಕೊಂಡಿದ್ದು ಬೇರೆ. ಹುಡುಗ ಒಂದು ಸಂಜೆ ಕೂತು ಸರಿ ಮಾಡಿದ. ಹಬ್ಬ ಮುಗಿದುಹೋಗಿತ್ತು, ಆ ಮಾತು ಬಿಡಿ.

ಅವತ್ತಿನಿಂದ ರಿಯಾಯಿತಿಗೆ ಮುಂಚೆ ಒಂದೆರಡು ಪುಟ ಆ ಟೆಸ್ಟ್‌ನಲ್ಲಿ ನೋಡಿಯೇ ಮುಂದುವರಿಯುತ್ತೇವೆ. ಶೀಟಿನಲ್ಲಿ ಮೂಲ ಬೆಲೆ ಮುಟ್ಟುವುದಿಲ್ಲ. ರಿಯಾಯಿತಿ ಬೆಲೆಗೆ ಬೇರೆ ಕಾಲಂ ಇದೆ, ಯಾವ ದಿನದಿಂದ ಯಾವ ದಿನದವರೆಗೆ ಅಂತ ತಾರೀಕೂ ಹಾಕಬಹುದು. ಕೋಡ್ ಸರಿ ಇದ್ದರೆ ಇದರಿಂದ ಇನ್ನೊಂದು ಲಾಭ ಇದೆ. ಬೆಲೆ, ಸ್ಟಾಕ್ ಎರಡನ್ನೂ ಪುಟದಿಂದಲೇ ಓದಿ ಫೀಡ್‌ನಲ್ಲಿ ತಾನೇ ತಿದ್ದಿಕೊಳ್ಳುವ ಸೌಲಭ್ಯ ಮರ್ಚೆಂಟ್ ಸೆಂಟರ್‌ನಲ್ಲಿದೆ. ಆದರೆ ಅದನ್ನೇ ನಂಬಿ ಶೀಟ್ ಬಿಟ್ಟು ಕೂರಬೇಡಿ. ಗೂಗಲ್ ಯಾವಾಗ ನಿಮ್ಮ ಪುಟಕ್ಕೆ ಬರುತ್ತದೋ ಆವಾಗಲೇ ಅದು ತಿದ್ದುವುದು.

ಇನ್ನೊಂದು ಮಾತು. ಒಮ್ಮೆ ಕೊಟ್ಟ ಮಾಹಿತಿ 30 ದಿನ ಮಾತ್ರ ಬಾಳುತ್ತದೆ. ಹೊಸದಾಗಿ ಕಳಿಸದಿದ್ದರೆ ಮಾಲು ತಾನಾಗಿಯೇ ಇಳಿದುಹೋಗುತ್ತದೆ. ದಿನಾ ಒಂದು ಹೊತ್ತಿಗೆ ಶೀಟ್ ಓದಿಕೊಳ್ಳುವ ಹಾಗೆ ಇಟ್ಟರೆ ಈ ಚಿಂತೆ ಇಲ್ಲ. ನಮ್ಮದು ರಾತ್ರಿ ಅಂಗಡಿ ಮುಚ್ಚಿ ವೈನಿ ಸ್ಟಾಕ್ ತಿದ್ದಿದ ಮೇಲೆ ಓದಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಗಿರಾಕಿಗಳು ದುಪ್ಪಟ್ಟಾದರು ಅಂತ ನಾನು ಹೇಳುವುದಿಲ್ಲ. ಆದರೆ ಮೊದಲು ನಮಗೆ ಆನ್‌ಲೈನ್ ಆರ್ಡರ್ ಬರುತ್ತಿದ್ದದ್ದು ಪರಿಚಯದವರ ಪರಿಚಯದಿಂದ. ಈಗ ನಮ್ಮ ಹೆಸರೇ ಕೇಳದವರು ಪುಣೆಯಿಂದ, ಸೊಲ್ಲಾಪುರದಿಂದ ಫೋನ್ ಮಾಡಿ ಒಂಬತ್ತು ಗಜದ್ದು ಇದೆಯಾ ಅಂತ ಕೇಳುತ್ತಾರೆ. ಅವರಿಗೋಸ್ಕರ ಗಜದ ಅಳತೆಯನ್ನು ಟೈಟಲ್‌ನಲ್ಲಿ ಸ್ವಲ್ಪ ಮುಂದಕ್ಕೆ ತಂದೆವು. ಪವರ್‌ಲೂಮ್ ಸೀರೆ ಅರ್ಧ ರೇಟಿಗೆ ಪಕ್ಕದಲ್ಲೇ ಕಾಣುತ್ತದೆ ಅನ್ನುವುದು ಮಾತ್ರ ನೋವಿನ ವಿಷಯ. ಅಲ್ಲಿ ಫೋಟೋ, ಬೆಲೆ ಅಷ್ಟೇ ಕಾಣುವುದು. ಕೈಮಗ್ಗದ್ದು ಯಾವುದು, ಮಷಿನಿನದು ಯಾವುದು ಅಂತ ಆ ಸಣ್ಣ ಚೌಕದಲ್ಲಿ ಗೊತ್ತಾಗುವುದಿಲ್ಲ. ಸೆರಗಿನ ಕೊಂಡಿ ಹತ್ತಿರದಿಂದ ಕಾಣುವ ಫೋಟೋವನ್ನು ಎರಡನೆಯದಾಗಿ ಹಾಕುತ್ತೇವೆ. ನೋಡುವವರು ನೋಡುತ್ತಾರೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ದಿನಾ ಸ್ಟಾಕ್ ಬರೆದಿಡುವವರು ಯಾರಾದರೂ ಅಂಗಡಿಯಲ್ಲಿ ಇದ್ದರೆ ಶುರು ಮಾಡಿ, ಇಲ್ಲದಿದ್ದರೆ ಸದ್ಯಕ್ಕೆ ಬೇಡ. ನಮ್ಮ ಹಾಗೆ ಶೀಟ್ ಬಳಸದೆ, ಸೈಟಿನ ಸಾಫ್ಟ್‌ವೇರ್ ಮೂಲಕ ನೇರವಾಗಿ ಕಳಿಸುವವರು ಒಂದು ವಿಷಯ ಗಮನಿಸಿ. ಹೀಗೆ ಸಾಫ್ಟ್‌ವೇರ್ ನೇರವಾಗಿ ಗೂಗಲ್‌ಗೆ ಮಾಹಿತಿ ಕಳಿಸುವ ದಾರಿಗೆ ಎಪಿಐ ಅನ್ನುತ್ತಾರೆ. ಹಳೆಯ ಕಂಟೆಂಟ್ ಎಪಿಐಗೆ ಗೂಗಲ್ ಕೊಟ್ಟಿರುವ ಕೊನೆ ದಿನ 2026ರ ಆಗಸ್ಟ್ 18. ಅದರ ಜಾಗಕ್ಕೆ ಮರ್ಚೆಂಟ್ ಎಪಿಐ ಬಂದಿದೆ. ನಿಮ್ಮ ಸಾಫ್ಟ್‌ವೇರ್ ಹೊಸದಕ್ಕೆ ಬದಲಾಗಿದೆಯಾ ಅಂತ ಅದನ್ನು ಕೊಟ್ಟವರನ್ನು ಬಾಯಿಬಿಟ್ಟು ಕೇಳಿ, ಉತ್ತರವನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ.