ಕೈಯಲ್ಲಿ ಬರೆದ ಐದು ಕಾರ್ಡು, ಅಂಟಿಕೊಂಡ ಒಂದು ಡಬ್ಬಿ

ಸಂಗ್ರಹ ಮಾಡುವವರಿಗೆಂದು ಪ್ಯಾಕಿನಲ್ಲಿ ಮಾರುವ ಚಿತ್ರದ ಕಾರ್ಡುಗಳ ಮಾತು ಇದು. ಮೊದಲೇ ಹೇಳಿಬಿಡುತ್ತೇನೆ, ನಾನು ಸ್ಕೆಚ್ ಕಾರ್ಡಿನ, ಅಂದರೆ ಅಚ್ಚಾಗದೆ ಕೈಯಲ್ಲೇ ಚಿತ್ರ ಬರೆದ ಕಾರ್ಡಿನ ಕಡೆಯವನು. ತಕ್ಕಡಿ ಹಿಡಿದು ತೂಗಿದ ತೀರ್ಪು ಬೇಕಾದವರಿಗೆ ಈ ಬರಹ ಅಷ್ಟಾಗಿ ಉಪಯೋಗಕ್ಕೆ ಬರಲಿಕ್ಕಿಲ್ಲ.

ಎರಡು ವರ್ಷದಲ್ಲಿ ನಾನು ಮೂರು ಥರ ಕೊಂಡು ನೋಡಿದೆ. 1990ರ ದಶಕದ ಫ್ಯಾಂಟಸಿ ಆರ್ಟ್ ಕಾರ್ಡುಗಳ ಸೀಲ್ ಒಡೆಯದ ಡಬ್ಬಿ ಒಂದು. ಬೇರೆ ಯಾರೋ ಬಿಚ್ಚಿ, ನಂಬರಿನ ಪ್ರಕಾರ ಜೋಡಿಸಿಟ್ಟ ಪೂರ್ತಿ ಸೆಟ್ ಮೂರು. ಕಲಾವಿದರು ಕೈಯಲ್ಲೇ ಬರೆದ ಹಳೆಯ ಸ್ಕೆಚ್ ಕಾರ್ಡು ಐದು. ಒಂದೇ ಏಟಿಗೆ ಜಾಸ್ತಿ ದುಡ್ಡು ಹೋದದ್ದು ಡಬ್ಬಿಗೆ. ಹೊಟ್ಟೆ ಉರಿದದ್ದೂ ಅದರಿಂದಲೇ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಈ ಡಬ್ಬಿಯ ಆಸೆ ಯಾಕೆ ಹುಟ್ಟಿತು ಅಂದರೆ, ಚಿತ್ರಗಳು ಅಷ್ಟು ಚೆನ್ನಾಗಿವೆ. ಆ ಕಾಲದಲ್ಲಿ ಅಮೆರಿಕದ ಕಾಮಿಕ್ ಇಮೇಜಸ್, ಎಫ್‌ಪಿಜಿ ಥರದ ಕಂಪನಿಗಳು ಒಬ್ಬೊಬ್ಬ ಕಲಾವಿದರ ಹೆಸರಿನಲ್ಲೇ ಸೆಟ್ ತಂದವು. ಫ್ರಾಂಕ್ ಫ್ರಜೆಟ್ಟಾ, ಬೋರಿಸ್ ವ್ಯಾಲೆಹೋ, ಲ್ಯಾರಿ ಎಲ್ಮೋರ್, ಕೀತ್ ಪಾರ್ಕಿನ್ಸನ್, ಮೈಕಲ್ ವೇಲನ್. ಇವರೆಲ್ಲ ಪುಸ್ತಕದ ಮುಖಪುಟಕ್ಕೋ ಆಟದ ಪೆಟ್ಟಿಗೆಗೋ ಬಣ್ಣ ಹಚ್ಚಿದವರು. ಪುಸ್ತಕದಲ್ಲಿ ನೋಡಿದರೆ ಡ್ರ್ಯಾಗನ್ನಿನ ರೆಕ್ಕೆಯ ಮೇಲೆಲ್ಲ ದಪ್ಪ ಅಕ್ಷರದಲ್ಲಿ ಶೀರ್ಷಿಕೆ ಕೂತಿರುತ್ತದೆ. ಕೆಳಗೆ ಲೇಖಕರ ಹೆಸರು, ಮೂಲೆಯಲ್ಲಿ ಬೆಲೆ. ಕಾರ್ಡಿನಲ್ಲಿ ಅದೊಂದೂ ಇಲ್ಲ, ಚಿತ್ರ ಮಾತ್ರ. ಅಕ್ಷರದ ಹಿಂದೆ ಆಕಾಶದಲ್ಲಿ ಒಂದು ಸಣ್ಣ ಚಂದ್ರ ಇತ್ತು ಅಂತ ನನಗೆ ಗೊತ್ತಾಗಿದ್ದೇ ಕಾರ್ಡು ನೋಡಿದ ಮೇಲೆ.

ಡಬ್ಬಿಯಲ್ಲಿ 36 ಪ್ಯಾಕ್, ಪ್ಯಾಕಿಗೆ 10 ಕಾರ್ಡು. ಸೆಟ್ಟಿನಲ್ಲಿ ಇರುವುದು 90. ಅಂದರೆ 360 ಕಾರ್ಡಿನಲ್ಲಿ ಮೂರು ಸೆಟ್ಟಾದರೂ ಆಗುತ್ತದೆ, ಒಂದು ಇಟ್ಟುಕೊಂಡು ಮಿಕ್ಕಿದ್ದು ಮಾರಿದರೆ ಹಾಕಿದ ದುಡ್ಡಿನಲ್ಲಿ ಅರ್ಧ ವಾಪಸ್ಸು ಅಂತ ನನ್ನ ಲೆಕ್ಕ. ಜೊತೆಗೆ ಅಪರೂಪಕ್ಕೆ ಯಾವುದೋ ಪ್ಯಾಕಿನಲ್ಲಿ ಇರುವ, ಫಳಫಳ ಹೊಳೆಯುವ ಚೇಸ್ ಕಾರ್ಡು ಸಿಕ್ಕರೂ ಸಿಕ್ಕೀತು.

ಒಂದು ಭಾನುವಾರ ಟೇಬಲ್ ಒರೆಸಿ, ಕೈ ತೊಳೆದು ಕೂತೆ. ಮೊದಲ ಪ್ಯಾಕಿನ ಅಂಚು ಹರಿದೆ. ಹೊಸ ಕಾರ್ಡು ಬೆರಳಿಗೆ ಸಿಕ್ಕಿದಾಗ ಒಂದರ ಮೇಲೊಂದು ಜಾರುತ್ತವೆ, ಅದರ ಸುಖವೇ ಬೇರೆ. ಇವು ಜಾರಲಿಲ್ಲ. ಹತ್ತೂ ಕಾರ್ಡು ಸೇರಿ ಸಾಬೂನಿನ ಬಿಲ್ಲೆಯ ಹಾಗೆ ಒಂದೇ ಗಟ್ಟಿಯಾಗಿ ಹೊರಗೆ ಬಂತು. ಎರಡನೆಯ ಪ್ಯಾಕ್ ಒಡೆದೆ, ಅದೂ ಬಿಲ್ಲೆ. ಮೂರನೆಯದೂ ಬಿಲ್ಲೆ.

ಸಂಗ್ರಹ ಮಾಡುವವರು ಇದನ್ನು ಬ್ರಿಕ್ ಆಗುವುದು ಅನ್ನುತ್ತಾರೆ. ಕಾರಣ ಸರಳ. ಆ ಕಾಲದ ಹೊಳಪಿನ ಕಾರ್ಡುಗಳ ಮೇಲೆ ಒಂದು ತೆಳು ಲೇಪ ಇರುತ್ತದೆ. ಬಿಗಿಯಾಗಿ ಒತ್ತಿಕೊಂಡು, ಸೆಕೆ ತೇವ ಎರಡನ್ನೂ ಕುಡಿದು, 25–30 ವರ್ಷ ಹಾಗೇ ಕೂತರೆ ಒಂದರ ಲೇಪ ಇನ್ನೊಂದರ ಬೆನ್ನಿಗೆ ಅಂಟುತ್ತದೆ. ಸೀಲ್ ಎಷ್ಟು ಗಟ್ಟಿಯಾಗಿದ್ದರೂ ಇದನ್ನು ತಡೆಯುವುದಿಲ್ಲ. ಡಬ್ಬಿಯನ್ನು ಎಲ್ಲಿ ಇಟ್ಟಿದ್ದರು ಅನ್ನುವುದೇ ಮುಖ್ಯ. ಅದನ್ನು ಡಬ್ಬಿ ನೋಡಿ ಹೇಳುವ ಹಾಗಿಲ್ಲ.

ಬಿಡಿಸಲು ಏನೇನು ಮಾಡಿದೆ ಕೇಳಿ. ಮೊದಲು ಕೇಳಿ ತಿಳಿದ ವಿಧಾನ: ಗಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೆ ಸ್ವಲ್ಪ ಬಾಗಿಸು, ತಿರುಗಿಸು, ಅಗಲಕ್ಕೆ ಸ್ವಲ್ಪ ಬಾಗಿಸು. ಚಟ್ ಅಂತ ಸದ್ದು ಬಂದರೆ ಒಂದು ಬಿಟ್ಟಿತು ಅಂತ ಅರ್ಥ. ಅವಸರ ಮಾಡಬಾರದು. ಮೂಲೆಯಿಂದ ಉಗುರು ತೂರಿಸಿ ಎಳೆದರಂತೂ ಮುಗಿದೇ ಹೋಯಿತು. ಹೀಗೆ ಮಾಡಿದ ಪ್ಯಾಕಿನಲ್ಲಿ ಆರು ಕಾರ್ಡು ಶುದ್ಧವಾಗಿ ಬಂದವು, ನಾಲ್ಕರ ಮೈಮೇಲೆ ಬಿಳಿ ಚುಕ್ಕೆ. ಫ್ಯಾಂಟಸಿ ಚಿತ್ರಗಳ ಗ್ರಹಚಾರ ಏನೆಂದರೆ ಹಿನ್ನೆಲೆ ಯಾವಾಗಲೂ ಕತ್ತಲೆ. ಗುಹೆ, ರಾತ್ರಿ, ಹೊಗೆ. ಬಣ್ಣ ಕಿತ್ತುಹೋದ ಜಾಗ ಅಲ್ಲಿ ಎದ್ದು ಕಾಣುತ್ತದೆ. ರಾತ್ರಿಯ ಆಕಾಶ ಇದ್ದ ಕಾರ್ಡಿನಲ್ಲಿ ಮಾತ್ರ ನಕ್ಷತ್ರ ಜಾಸ್ತಿಯಾಯಿತು ಅಂದುಕೊಂಡು ಸುಮ್ಮನಾದೆ.

ಆಮೇಲೆ ಫ್ರೀಜರ್. ಒಂದು ಪ್ಯಾಕನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ರಾತ್ರಿಯಿಡೀ ಇಟ್ಟೆ. ತೆಗೆದ ಮೇಲೆ ಚೀಲ ಬಿಚ್ಚದೆ ತಂಪು ಪೂರ್ತಿ ಇಳಿಯುವ ತನಕ ಕಾದೆ, ಇಲ್ಲದಿದ್ದರೆ ಕಾರ್ಡಿನ ಮೇಲೆ ನೀರು ಕೂರುತ್ತದೆ. ಸ್ವಲ್ಪ ವಾಸಿ ಅನ್ನಿಸಿತು, ಹತ್ತರಲ್ಲಿ ಏಳು ಉಳಿದವು. ಅದು ಫ್ರೀಜರಿನ ಮಹಿಮೆಯೋ ಆ ಪ್ಯಾಕಿನ ಅದೃಷ್ಟವೋ ದೇವರೇ ಬಲ್ಲ. ಹೇರ್ ಡ್ರೈಯರ್ ಕೂಡ ಹಿಡಿದೆ. ಹಿಡಿಯಬಾರದಿತ್ತು. ಲೇಪ ಮೆತ್ತಗಾಗಿ ಇನ್ನೂ ಅಂಟಿತು, ಮೇಲಿನ ಕಾರ್ಡು ದೋಣಿಯ ಹಾಗೆ ಬಾಗಿತು.

ಎರಡು ವಾರ ದಿನಾ ಸಂಜೆ ಇದೇ ಕೆಲಸ. 27 ಪ್ಯಾಕ್ ಮುಗಿಸಿದೆ. ಎಲ್ಲ ಸೇರಿಸಿ ನೋಡಿದರೆ 90ರಲ್ಲಿ 71 ನಂಬರು ಮಾತ್ರ ಕಲೆಯಿಲ್ಲದೆ ಕೂಡಿದ್ದವು. ಒಂದು ಚೇಸ್ ಕಾರ್ಡೂ ಸಿಕ್ಕಿತು ಅನ್ನಿ. ಅದು ಕೂಡ ಪಕ್ಕದ ಕಾರ್ಡಿನ ಬೆನ್ನಿಗೆ ಮುಖ ಅಂಟಿಸಿಕೊಂಡು ಕೂತಿತ್ತು. ಬಿಡಿಸಿದಾಗ ಕಾಲುಭಾಗ ಹೊಳಪು ಅತ್ತ ಹೋಯಿತು. ಮಾರಿದವರಿಗೆ ಫೋಟೋ ಕಳಿಸಿ ಕೇಳಿದರೆ, ಸೀಲ್ ಡಬ್ಬಿ ಅಲ್ವಾ, ಒಳಗೆ ಏನಾಗಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಅದೇ ನನ್ನ ಸಿಟ್ಟು.

ಪೂರ್ತಿ ಸೆಟ್ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ, ಯಾಕೆಂದರೆ ತೊಂದರೆಯೇ ಆಗಲಿಲ್ಲ. ಯಾರೋ ಪುಣ್ಯಾತ್ಮರು ಆಗಲೇ ಬಿಚ್ಚಿ ಒಂಬತ್ತು ಜೇಬಿನ ಹಾಳೆಯಲ್ಲಿ ಹಾಕಿಟ್ಟಿದ್ದರು. ಹತ್ತು ಹಾಳೆಗೆ 90 ಕಾರ್ಡು ಸರಿಯಾಗಿ ಕೂರುತ್ತದೆ. ತಮಾಷೆ ಅಂದರೆ ನಾನು ಕೊಂಡ ಮೂರೂ ಸೆಟ್ಟಿಗೆ ಕೊಟ್ಟ ದುಡ್ಡು ಆ ಒಂದು ಡಬ್ಬಿಯ ಬೆಲೆಗಿಂತ ಕಡಿಮೆ. ಡಬ್ಬಿಯಲ್ಲಿ ನಾವು ಕೊಳ್ಳುವುದು ಕಾರ್ಡಲ್ಲ, ಒಳಗೆ ಏನೋ ಇರಬಹುದು ಅನ್ನುವ ಆಸೆ. ಅದರ ರೇಟೇ ಜಾಸ್ತಿ. ಚಿತ್ರ ನೋಡುವುದಷ್ಟೇ ಬೇಕಿದ್ದರೆ ಕಣ್ಣುಮುಚ್ಚಿ ಸೆಟ್ ತೆಗೆದುಕೊಳ್ಳಿ. ಎಷ್ಟೋ ಸೆಟ್ಟಿನ ಹಿಂಬದಿಯಲ್ಲಿ ಆ ಚಿತ್ರದ ಬಗ್ಗೆ ನಾಲ್ಕು ಮಾತೂ ಇರುತ್ತದೆ, ಓದಿಕೊಂಡು ಕೂರಬಹುದು.

ಆದರೆ ಒಂದು ರಾತ್ರಿ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದು ಸೆಟ್ಟಿನ ಒಂದು ಕಾರ್ಡು ನೋಡಿದೆ. ಕುಂಚದ ಗೆರೆ ಕಾಣುತ್ತದೆ ಅಂದುಕೊಂಡಿದ್ದೆ. ಕಂಡದ್ದು ಬರೀ ಚುಕ್ಕೆ. ತಿಳಿನೀಲಿ, ಗುಲಾಬಿ, ಹಳದಿ, ಕಪ್ಪು, ಸಣ್ಣ ಹೂವಿನ ಹಾಗೆ ಸಾಲು ಸಾಲು. ಅಚ್ಚು ಅಂದಮೇಲೆ ಅಷ್ಟೇ ತಾನೇ. ಆಳೆತ್ತರಕ್ಕೆ ಬರೆದ ತೈಲಚಿತ್ರವೇ ಆಗಲಿ, 64 × 89 ಮಿಲಿಮೀಟರಿಗೆ ಇಳಿಸಿದ ಮೇಲೆ ಕೈಯ ಗುರುತು ಎಲ್ಲಿ ಉಳಿಯಬೇಕು?

ಅಲ್ಲಿಂದಲೇ ನಾನು ಸ್ಕೆಚ್ ಕಾರ್ಡಿನ ಕಡೆ ಹೊರಳಿದ್ದು.

ಇದರ ಕೆಲಸ ಹೀಗೆ. ಕಂಪನಿ ಹಿಂಬದಿಯಲ್ಲಿ ಮಾತ್ರ ಅಚ್ಚಾದ ಖಾಲಿ ಕಾರ್ಡುಗಳನ್ನು ಕಲಾವಿದರಿಗೆ ಕಳಿಸುತ್ತದೆ. ಅವರು ಮುಂಬದಿಯಲ್ಲಿ ಚಿತ್ರ ಬರೆದು ಸಹಿ ಹಾಕಿ ವಾಪಸ್ಸು ಕೊಡುತ್ತಾರೆ. ಅದು ಯಾವುದೋ ಪ್ಯಾಕಿನೊಳಗೆ ಹೋಗುತ್ತದೆ. 1993ರಲ್ಲಿ ಸ್ಕೈಬಾಕ್ಸ್ ಕಂಪನಿ ತಂದ ಸಿಂಪ್ಸನ್ಸ್ ಕಾರ್ಟೂನಿನ ಕಾರ್ಡುಗಳಲ್ಲಿ ಇದಕ್ಕೆ ಒಂದು ಮೊದಲ ರೂಪ ಇತ್ತು: ಅದೃಷ್ಟದ ಕಾರ್ಡು ಸಿಕ್ಕರೆ ಅದನ್ನು ಅಂಚೆಯಲ್ಲಿ ಕಳಿಸಿ, ಕೈಯಲ್ಲಿ ಬರೆದ ಚಿತ್ರ ತರಿಸಿಕೊಳ್ಳುವುದು. 1998ರ ಮಾರ್ವೆಲ್ ಸಿಲ್ವರ್ ಏಜ್ ಸೆಟ್ಟಿನಲ್ಲಿ ಸ್ಕೆಚಾಗ್ರಾಫ್ ಅಂತ ಹೆಸರಿಟ್ಟು ಸೀದಾ ಪ್ಯಾಕಿನಲ್ಲೇ ಹಾಕಿದರು. ಆಮೇಲೆ ಟಾಪ್ಸ್, ರಿಟನ್‌ಹೌಸ್ ಥರದ ಕಾರ್ಡು ಕಂಪನಿಗಳವರೂ ಇದೇ ದಾರಿ ಹಿಡಿದರು.

ಒಬ್ಬೊಬ್ಬ ಕಲಾವಿದರ ಮುಂದೆ ಹತ್ತಾರು, ನೂರಾರು ಖಾಲಿ ಕಾರ್ಡು ಇರುತ್ತದೆ. ಕೊಡುವ ಸಂಬಳ ಅಷ್ಟಕ್ಕಷ್ಟೆ. ಹಾಗಾಗಿ ಹಳೆಯವು ಬಹುಪಾಲು ಆತುರದ ಕೆಲಸ. ಒಂದು ತಲೆ, ಒಂದು ಭುಜ, ಕಪ್ಪು ಶಾಯಿ, ಇದ್ದರೆ ಒಂದೆರಡು ಮಾರ್ಕರ್ ಬಣ್ಣ. ಇದನ್ನು ಕುಂದು ಅನ್ನುವವರಿದ್ದಾರೆ. ನನಗೆ ಅದೇ ಇಷ್ಟ.

ನನ್ನ ಹತ್ತಿರ ಇರುವುದರಲ್ಲಿ ಒಂದನ್ನೇ ಹೇಳುತ್ತೇನೆ. ಕೊಂಬಿನ ಶಿರಸ್ತ್ರಾಣ ತೊಟ್ಟ ಮುಖ, ಸ್ವಲ್ಪ ಓರೆ. ಭೂತಗನ್ನಡಿ ಹಿಡಿದರೆ ಶಾಯಿಯ ಅಡಿಯಲ್ಲಿ ತಿಳಿನೀಲಿ ಪೆನ್ಸಿಲ್ ಕಾಣುತ್ತದೆ. ಪೆನ್ಸಿಲ್ಲಿನಲ್ಲಿ ಎಡಗೊಂಬು ಗಿಡ್ಡ ಇತ್ತು. ಶಾಯಿ ಹಾಕುವಾಗ ಮನಸ್ಸು ಬದಲಾಗಿ ಅದನ್ನು ಕಾರ್ಡಿನ ಅಂಚು ದಾಟಿ ಹೋಗುವ ಹಾಗೆ ಎಳೆದಿದ್ದಾರೆ. ಗಲ್ಲದ ಹತ್ತಿರ ಬ್ರಷ್ ಪೆನ್ನು ಒಣಗಿ ಗೆರೆ ಸೀಳಿದೆ, ಅದನ್ನೇ ಕುರುಚಲು ಗಡ್ಡ ಮಾಡಿಬಿಟ್ಟಿದ್ದಾರೆ. ಬಲಗಡೆ ಕೆಳಗೆ ಒಣಗುವ ಮೊದಲೇ ಕೈ ತಾಗಿದ ಮಸಿಯ ಗುರುತು. ಅರ್ಧ ಹೆಬ್ಬೆಟ್ಟು. ಪಕ್ಕದಲ್ಲೇ ಸಹಿ. ಇಷ್ಟನ್ನೂ ಅವರು ಹತ್ತು ನಿಮಿಷದಲ್ಲಿ ಮುಗಿಸಿ ಮುಂದಿನ ಕಾರ್ಡಿಗೆ ಹೋಗಿರಬೇಕು. ನಾನು ಒಂದೂವರೆ ವರ್ಷದಿಂದ ನೋಡುತ್ತಲೇ ಇದ್ದೇನೆ.

ಐದೂ ಹೀಗಿಲ್ಲ, ಒಪ್ಪುತ್ತೇನೆ. ಒಂದರಲ್ಲಿ ಒಂದು ಕಣ್ಣು ಇನ್ನೊಂದರ ಎರಡರಷ್ಟಿದೆ, ಸುಮ್ನೆ ಸಮರ್ಥಿಸಲ್ಲ. ಫೋಟೋ ಸರಿಯಾಗಿ ನೋಡದೆ ಕೊಂಡದ್ದು. ಸ್ಕೆಚ್ ಕಾರ್ಡಿನಲ್ಲಿ ಸೆಟ್ಟಿನ ಹೆಸರು ನೋಡಿ ಕೊಳ್ಳಬಾರದು, ಆ ಒಂದು ಕಾರ್ಡನ್ನೇ ನೋಡಿ ಕೊಳ್ಳಬೇಕು.

ಇನ್ನೊಂದು ಕಷ್ಟ ಬಣ್ಣದ್ದು. ಆಲ್ಕೋಹಾಲ್ ಮಾರ್ಕರಿನ ಬಣ್ಣ ಬೆಳಕಿಗೆ ಮಾಸುತ್ತದೆ. ಗೋಡೆಗೆ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕಪ್ಪು ಪಿಗ್ಮೆಂಟ್ ಶಾಯಿಯದು, ಪೆನ್ಸಿಲ್ಲಿನದು ಪರವಾಗಿಲ್ಲ, ನಾನು ಅವನ್ನೇ ಹುಡುಕುವುದಕ್ಕೆ ಇದೂ ಒಂದು ಕಾರಣ. ಮೆತ್ತಗೆ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುವ ಪಿವಿಸಿ ಹಾಳೆಯಲ್ಲಿ ಯಾವುದನ್ನೂ ಇಡಬೇಡಿ, ಶಾಯಿ ಹಾಳೆಗೆ ಹತ್ತುತ್ತದೆ. ಪಾಲಿಪ್ರೊಪಿಲಿನ್ ಪ್ಲಾಸ್ಟಿಕ್ಕಿನ ತೆಳು ಸ್ಲೀವ್, ಅದರ ಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಲಕೋಟೆ, ಅಷ್ಟು ಸಾಕು.

ನಕಲಿ ಅಂದರೆ? ಭೂತಗನ್ನಡಿಯಲ್ಲಿ ಬಣ್ಣದ ಚುಕ್ಕೆ ಕಂಡರೆ ಅದು ಅಚ್ಚು, ಅಷ್ಟೇ. ಖಾಲಿ ಕಾರ್ಡಿನ ಮೇಲೆ ಬೇರೆ ಯಾರಾದರೂ ಬರೆದು ಮಾರಿದರೆ ಮಾತ್ರ ಕಷ್ಟ. ಅದಕ್ಕೇ ಅದೇ ಕಲಾವಿದರ ಬೇರೆ ನಾಲ್ಕು ಕಾರ್ಡಿನ ಪಕ್ಕ ಇಟ್ಟು ಗೆರೆ, ಸಹಿ ಹೋಲಿಸದೆ ನಾನು ದುಡ್ಡು ಕಳಿಸುವುದಿಲ್ಲ.

ಈಚಿನ ಸ್ಕೆಚ್ ಕಾರ್ಡುಗಳನ್ನೂ ನೋಡಿದ್ದೇನೆ. ಅಂಚಿನಿಂದ ಅಂಚಿಗೆ ಬಣ್ಣ ತುಂಬಿ, ಒಂದೊಂದೂ ಸಣ್ಣ ವರ್ಣಚಿತ್ರವೇ. ಕಷ್ಟಪಟ್ಟು ಮಾಡಿದ್ದಾರೆ, ಎರಡು ಮಾತಿಲ್ಲ. ಆದರೆ ಅಷ್ಟು ನುಣುಪು ಬೇಕಿದ್ದರೆ ಎಲ್ಮೋರ್ ಸೆಟ್ಟೇ ಸಾಕಲ್ವಾ? ಬೆಲೆಯೂ ಹಳೆಯದರ ಮೂರರಷ್ಟು ಹೇಳುತ್ತಾರೆ.

ದುಡ್ಡೇ ಇಲ್ಲದೆ ಕೈಯಲ್ಲಿ ಚಿತ್ರ ಬರೆದ ಕಾರ್ಡು ಬೇಕೆನ್ನುವವರಿಗೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡು ಇದೆ, 1997ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾದದ್ದು. ಅಳತೆ ಅದೇ, ಆದರೆ ಮಾರುವಂತಿಲ್ಲ, ನೀವು ಬರೆದದ್ದು ಕೊಟ್ಟು ಅವರು ಬರೆದದ್ದು ತೆಗೆದುಕೊಳ್ಳಬೇಕು. ನನಗೆ ಬೆಕ್ಕು ಬರೆಯಲೂ ಬರುವುದಿಲ್ಲ.

ನನ್ನ ಲೆಕ್ಕ ಇಷ್ಟು. ನಾನು ಮೂರು ತಿಂಗಳಿಗೊಮ್ಮೆ ಏನಾದರೂ ಕೊಳ್ಳುವವನು. ಕಪಾಟಿನಲ್ಲಿ ಇರುವ ಜಾಗ ಒಂದು ಬೈಂಡರಿನಷ್ಟು. ರಾತ್ರಿ ಮಲಗುವ ಮೊದಲು ಹತ್ತು ನಿಮಿಷ ಒಂದೇ ಕಾರ್ಡು ತೆಗೆದು ನೋಡುವ ಅಭ್ಯಾಸ. ಅಂಥವನಿಗೆ ಸ್ಕೆಚ್ ಕಾರ್ಡು. ನಂಬರು ಪೂರ್ತಿ ಆಗದಿದ್ದರೆ ನಿದ್ದೆ ಬರದವರಿಗೆ ಬಿಚ್ಚಿದ ಸೆಟ್. ಸೀಲ್ ಡಬ್ಬಿ ಯಾರಿಗೆ ಅಂತ ನನಗೆ ಹೊಳೆಯುತ್ತಿಲ್ಲ. ಬಿಚ್ಚದೇ ಇಡುವವರಿಗಿರಬೇಕು. ಆ ಡಬ್ಬಿಯ ದುಡ್ಡಿನಲ್ಲಿ ಕೊಂಬಿನವನಂಥ ಇನ್ನೆರಡು ಕಾರ್ಡು ಬರುತ್ತಿತ್ತು ಅನ್ನುವುದು ಮಾತ್ರ ಈಗಲೂ ಚುಚ್ಚುತ್ತದೆ.

ಡಬ್ಬಿಯಲ್ಲಿ 9 ಪ್ಯಾಕ್ ಇನ್ನೂ ಹಾಗೇ ಇವೆ. ಮೊನ್ನೆ ಒಬ್ಬರು ಕೊಳ್ಳಲು ಕೇಳಿದರು. ಅಂಟಿಕೊಂಡಿದೆ, ಹತ್ತರಲ್ಲಿ ಆರು ಬಂದರೆ ನಿಮ್ಮ ಪುಣ್ಯ ಅಂದೆ. ಆಮೇಲೆ ಅವರ ಸುದ್ದಿ ಇಲ್ಲ.